ಫೋಟೋದಲ್ಲಿದ್ದ ಹಾಗೇ

ನನಗೆ ಮರೆವು ಅಂದವನು ಯಾವನಯ್ಯಾ? ಬೆಳಿಗ್ಗೆ ತಿಂದ ತಿಂಡಿ ಮರೆತಿರಬಹುದು, ನಾನು ಕುದುರೆ ಏರಿದ್ದ ಆ ಮೆರವಣಿಗೆ ಮರೆತಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಹಳೇ ಸವಾರನ ಫೋಟೋ ಹಾಕಿ "ಈ ಸಲ ಹೀಗೇ ವೇಷ ಹಾಕ್ತೀವಿ" ಅಂದೋರು ಕೇಳಿಸ್ಕೊಳ್ಳಿ.

ಅವತ್ತು ನಂದೂ ಅದೇ ಕುದುರೆ ಪಡೆ ವೇಷ, ಕೈಯಲ್ಲಿ ಇದೇ ಫೋಟೋ. ಸವಾರ ಈಟಿಯ ತೊಗಲು ಪಟ್ಟಿಯನ್ನ ತೋಳಿಗೆ ಎರಡು ಸುತ್ತು ಬಿಗಿದಿದ್ದಾನಲ್ಲ, ನನಗೂ ಹಾಗೇ ಬೇಕು ಅಂದೆ. ಕುದುರೆ ಲಾಯದ ಇಮಾಮ್ ಸಾಬ್ರು ಹಿಂದಿನ ದಿನವೇ ಬೇಡ ಅಂದಿದ್ರು.

"ಪಟ್ಟಿ ಸಡಿಲ ಇರಲಿ ಸ್ವಾಮಿ."

"ಫೋಟೋ ನೋಡ್ರೀ! ಇತಿಹಾಸ ನಿಮಗೆ ಗೊತ್ತೋ, ನನಗೋ?"

ಮೆರವಣಿಗೆ ದಿನ ಅವರೇ ಬಿಗಿದುಕೊಟ್ರು.

ಪಟಾಕಿ ಸಿಡೀತು. ಕುದುರೆ ಬೆದರಿ ಓಡ್ತು. ಎದುರಿಗಿದ್ದ ಸ್ವಾಗತ ಕಮಾನಿನ ಬೊಂಬಿಗೆ ಈಟಿ ಸಿಕ್ಕಿಕೊಂಡು, ತೋಳು ಹಿಂದಕ್ಕೆ, ಕುದುರೆ ಮುಂದಕ್ಕೆ! ಭುಜ ಕಿತ್ತೇ ಹೋಗುತ್ತೆ ಅಂತ ಕಿರುಚಿದೆ. ದೇವರ ಹೆಸರೂ ಬಾಯಿಗೆ ಬರಲಿಲ್ಲ. ಅಷ್ಟರಲ್ಲಿ ಪಟ್ಟಿ ಪಟಕ್ಕನೆ ಬಿಟ್ಟುಕೊಳ್ತು, ಈಟಿ ಕಮಾನಿನಲ್ಲೇ ನೇತಾಡ್ತು.

ಕುದುರೆ ನಿಂತ ಮೇಲೆ ಇಳಿದೆ. "ಹಳೇ ಚರ್ಮ, ಕಿತ್ತುಬಂತು, ಬದುಕಿಕೊಂಡೆ," ಅಂದೆ.

"ಚರ್ಮ ಹೊಸದೇ ಸ್ವಾಮಿ," ಅಂದ್ರು ಇಮಾಮ್ ಸಾಬ್ರು. " ರಾತ್ರಿ ನಾನೇ ಪಟ್ಟಿಯ ಹೊಲಿಗೆ ಬಿಚ್ಚಿ, ಒಂದೆಳೆ ದಾರ ಮಾತ್ರ ಬಿಟ್ಟಿದ್ದೆ."

"ಯಾಕ್ರೀ? ಫೋಟೋದಲ್ಲಿ..."

"ಅದರಲ್ಲಿರೋರು ನಮ್ಮ ತಾತ. ಫೋಟೋಗೆ ಚೆಂದ ಕಾಣ್ಲಿ ಅಂತ ಹಾಗೆ ಬಿಗಿದ್ಕೊಂಡ್ರು. ಬಿಚ್ಚದೇನೇ ಕುದುರೆ ಓಡಿಸಿದ್ರು. ಅದೇ ಅವರ ಕೊನೇ ಫೋಟೋ."

ಫೋಟೋ ಫಾರ್ವರ್ಡ್ ಮಾಡೋರು ಇದನ್ನೂ ಜೊತೆಗೆ ಕಳಿಸ್ರಪ್ಪಾ.