ಕಿರುಚಿದವಳು

ಹಲ್ಲಿನ ಡಾಕ್ಟರು ಕಟ್ಟುಹಲ್ಲಿಗಾಗಿ ಅಚ್ಚು ತೆಗೆಯುವ ಹಿಟ್ಟನ್ನು ಆಕೆಯ ಬೋಳು ವಸಡಿಗೆ ಒತ್ತಿ ಹಿಡಿದು, "ಗಟ್ಟಿಯಾಗೋವರೆಗೂ ಮಾತಾಡಬೇಡಿ ಅಮ್ಮಾ" ಎಂದರು. ಅದನ್ನು ಹೇಳಬೇಕಾದ್ದೇ ಇರಲಿಲ್ಲ. ಉಳಿದಿದ್ದ ಹಲ್ಲನ್ನೆಲ್ಲ ಕೀಳಿಸಿಕೊಂಡ ದಿನವೇ ಆಕೆ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಜೀವನವಿಡೀ ಸಿನಿಮಾ ನಟಿಯರಿಗೆ ಧ್ವನಿ ಕೊಟ್ಟು ಅನ್ನ ತಿಂದವರು. ಈಗ ಬಾಯಿ ತೆರೆದರೆ ಮಾತಿಗಿಂತ ಗಾಳಿಯೇ ಹೆಚ್ಚು ಬರುತ್ತಿತ್ತು. ಮನೆಯಲ್ಲಿ ಮಗಳ ಹತ್ತಿರವೂ ಕೈಸನ್ನೆಯೇ. ಹಲ್ಲಿನ ಜೊತೆ ಧ್ವನಿಯೂ ಕಸದ ಬುಟ್ಟಿ ಸೇರಿತೆಂದು ಆಕೆ ತೀರ್ಮಾನಿಸಿಬಿಟ್ಟಿದ್ದರು.

ಡಾಕ್ಟರಿಗೋ ದೆವ್ವದ ಸಿನಿಮಾದ ಹುಚ್ಚು. ಎದುರಿನವರ ಬಾಯಿ ತುಂಬಿರುವಾಗ ಅವರಿಗೆ ಎಲ್ಲಿಲ್ಲದ ಮಾತು.

"ನಿನ್ನೆ 'ಕದ ತೆರೆದವಳು' ಮತ್ತೆ ನೋಡಿದೆ. ನೀವು ಕೇಳಿರಲ್ಲ ಬಿಡಿ, ತೆಗೆದವರೇ ಮರೆತಿರಬೇಕು. ದೆವ್ವ ಹಾರುವಾಗ ತಂತಿ ಕಾಣುತ್ತೆ. ಕತೆಗೆ ತಲೆಬುಡ ಇಲ್ಲ. ಆದ್ರೂ ಅದರಷ್ಟು ನನ್ನ ಹೆದರಿಸಿದ ಸಿನಿಮಾ ಇನ್ನೊಂದಿಲ್ಲ."

ಆಕೆಯ ಕಣ್ಣುಗಳು ಅಗಲವಾದವು.

"ಯಾಕೆ ಅಂತೀರಾ? ನಾಯಕಿ ನೆಲಮಾಳಿಗೆ ಬಾಗಿಲು ತೆಗೆದು ಕಿರುಚ್ತಾಳೆ. ಆ ಒಂದು ಕೂಗಿಗೆ. ಆದ್ರೆ ಅದು ಅವಳದ್ದಲ್ಲ. ದಿನಾ ಬಾಯಿ ನೋಡೋನು ನಾನು. ಅವಳು ತೆರೆದಿರೋದು ಮುಂದಿನ ನಾಲ್ಕು ಹಲ್ಲು ಕಾಣೋವಷ್ಟು. ಅಷ್ಟರಲ್ಲಿ ಅಂಥ ಕೂಗು ಬರೋ ಮಾತೇ ಇಲ್ಲ. ಬೇರೆ ಯಾರೋ ಮಹಾತಾಯಿ ಕಿರುಚಿದ್ದಾಳೆ. ಕೊನೇಲಿ ಟೀ ತಂದುಕೊಟ್ಟೋರ ಹೆಸರೂ ಹಾಕಿದ್ದಾರೆ, ಅವಳ ಹೆಸರು ಮಾತ್ರ ಇಲ್ಲ. ಸಿಕ್ಕರೆ ಕೈ ಮುಗಿದುಬಿಡ್ತೀನಿ."

"ಊಂ, ಊಂ" ಎನ್ನುತ್ತ ಆಕೆ ಎದೆ ಮುಟ್ಟಿ ತೋರಿಸಿದರು.

"ಎದೆ ಉರೀತಿದೆಯಾ? ಇನ್ನೇನು ಆಯ್ತು, ತಡ್ಕೊಳ್ಳಿ."

ಅಚ್ಚು ಹೊರಗೆ ಬಂದ ಕೂಡಲೇ ಆಕೆ ಕರವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿದು, ಎಷ್ಟೋ ದಿನದ ಮೇಲೆ ಮಾತಾಡಿದರು. "ಅದು ನಾನು."

"ಏನು ನೀವು?"

"ಕಿರುಚಿದ್ದು."

ಡಾಕ್ಟರು ನಕ್ಕು ಆಕೆಯ ಭುಜ ತಟ್ಟಿದರು. "ನನ್ನ ಖುಷಿಗೆ ಹೇಳ್ತಿದ್ದೀರಿ, ಬಿಡಿ ಅಮ್ಮಾ."

ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೂ ಆಕೆಗೆ ಅದು ನಾಟಿತು. ಹೆಸರು ಹಾಕದೇ ಇದ್ದದ್ದಕ್ಕೆ ಆಕೆ ಎಂದೂ ಕೊರಗಿದವರಲ್ಲ. ಆದರೆ ಇಷ್ಟು ವರ್ಷದ ಮೇಲೆ ಸಿಕ್ಕ ಒಬ್ಬನೇ ಒಬ್ಬ ಅಭಿಮಾನಿ ಎದುರಿಗೇ ನಿಂತು ನಂಬುವುದಿಲ್ಲ ಎಂದರೆ? ಆಕೆ ಕರವಸ್ತ್ರ ಪಕ್ಕಕ್ಕಿಟ್ಟು, ಕುರ್ಚಿಯಲ್ಲಿ ನೆಟ್ಟಗೆ ಕೂತು, ಹೊಟ್ಟೆಯ ತನಕ ಉಸಿರೆಳೆದುಕೊಂಡರು.

ಕಿರುಚಲು ಹಲ್ಲು ಬೇಕಾಗಲಿಲ್ಲ.

ಡಾಕ್ಟರ ಕೈಯಲ್ಲಿದ್ದ ಅಚ್ಚು ನೆಲಕ್ಕೆ ಬಿತ್ತು. ಈಗ ಬಾಯಿ ತೆರೆದುಕೊಂಡು ನಿಲ್ಲುವ ಸರದಿ ಅವರದ್ದಾಗಿತ್ತು. ಆಮೇಲೆ ಎರಡೂ ಕೈ ಮುಗಿದರು. "ಸಿನಿಮಾದಲ್ಲಿ ಅರ್ಧಕ್ಕೇ ಕತ್ತರಿಸಿಬಿಟ್ಟಿದ್ದಾರಲ್ಲಮ್ಮಾ."

"ಕತ್ತರಿಸಬೇಡಿ ಅಂತ ಅವತ್ತೇ ಹೇಳಿದ್ದೆ" ಎಂದರು ಆಕೆ. ಮಾತಿನ ತುಂಬ ಗಾಳಿಯೇ ಇತ್ತು, ಆದರೆ ಬಾಯಿಗೆ ಕರವಸ್ತ್ರ ಅಡ್ಡ ಬರಲಿಲ್ಲ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಹೊರಗೆ ಸರದಿಗೆ ಕಾಯುತ್ತಿದ್ದವರ ಕುರ್ಚಿಗಳೆಲ್ಲ ಖಾಲಿ. ಯಾರದ್ದೋ ಒಂಟಿ ಚಪ್ಪಲಿ ಮಾತ್ರ ನಡುದಾರಿಯಲ್ಲಿ ಬಿದ್ದಿತ್ತು. ಜೊತೆಗೆ ಬಂದಿದ್ದ ಮಗಳು ಹೊಸ್ತಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತ ಅಂದಳು:

"ಅಮ್ಮಾ, ಇನ್ನೊಂದ್ಸಲ."