ಐದನೆಯ ಬಾವುಟದಾಚೆ

ದಿಕ್ಸೂಚಿಯ ಸೂಜಿ ಒಂದೆಡೆ ನಿಲ್ಲಲೊಲ್ಲದು. ಲೀಡರ್ ಅದನ್ನು ವಾಕಿಟಾಕಿಯಿಂದ ದೂರ ಹಿಡಿದಳು, ಸೊಂಟದ ಬಕಲ್ಲಿನಿಂದ ದೂರ ಹಿಡಿದಳು. ಕಬ್ಬಿಣದ ಕಾಟವಲ್ಲ, ಅವಳೇ ಒಂದೆಡೆ ನಿಲ್ಲುತ್ತಿರಲಿಲ್ಲ. ಗುಡ್ಡದಲ್ಲಿ ಕಳೆದುಹೋದವರನ್ನು ಹುಡುಕುವ ತಂಡದ ಹೊಣೆ ಹೆಗಲಿಗೆ ಬಂದು ಇನ್ನೂ ಎರಡು ವಾರ. ಮೊದಲ ಹುಡುಕಾಟವೇ ಹೆತ್ತ ಅಪ್ಪನದು.

ಮಧ್ಯಾಹ್ನ ಮೂರು ಗಂಟೆ. ಮಂಜು ಆಗಲೇ ಇಳಿಯತೊಡಗಿತ್ತು. ಎಪ್ಪತ್ತೆರಡರ ಮುದುಕ ಈ ಚಳಿಯಲ್ಲಿ ಒಂದು ರಾತ್ರಿ ಕಳೆದರೆ ಉಳಿಯುವುದಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಇದೇ ತಂಡವನ್ನು ಇಪ್ಪತ್ತೈದು ವರ್ಷ ನಡೆಸಿದ ಅಪ್ಪನಿಗೆ ಈಚೆಗೆ ಮರೆವು. ಒಲೆ ಆರಿಸುವುದು ಮರೆಯುತ್ತಿದ್ದ. ಕನ್ನಡಕವನ್ನು ಹಣೆಗೇರಿಸಿಕೊಂಡು ಮನೆಯೆಲ್ಲ ತಡಕುತ್ತಿದ್ದ. ಮೊನ್ನೆ ತಂಡದವರ ಎದುರಿಗೇ ಅವಳು ಅಂದುಬಿಟ್ಟಿದ್ದಳು: “ಇನ್ಮೇಲೆ ಗುಡ್ಡ ಹತ್ತಬೇಡ ಅಪ್ಪ. ಆಮೇಲೆ ನಿನ್ನನ್ನೇ ಹುಡುಕಬೇಕಾಗುತ್ತೆ.”

ಅಪ್ಪ ತುಟಿ ಪಿಟಕ್ಕೆನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅವನ ಮೌನದ ಜೊತೆ ಒಂದೇ ಸೂರಿನಡಿ ಇರಲಾಗದೆ, ನಿನ್ನೆ ಹೊಸಬರ ಅಭ್ಯಾಸಕ್ಕೆಂದು ಗುಡ್ಡದಲ್ಲಿ ಬಾವುಟ ಕಟ್ಟಲು ಹೋದವಳು ಐದು ಕಟ್ಟುವಷ್ಟರಲ್ಲಿ ಬೇಸತ್ತು, ಆಚೆ ಬದಿಯ ರಸ್ತೆಗಿಳಿದು ಬಸ್ಸು ಹತ್ತಿ ಅಕ್ಕನ ಮನೆ ಸೇರಿದ್ದಳು. ಫೋನು ಸತ್ತಿತ್ತು; ಸಾಯಲಿ ಎಂದು ಬಿಟ್ಟಿದ್ದಳು. ಇವತ್ತು ಹನ್ನೊಂದಕ್ಕೆ ಮನೆಗೆ ಬಂದರೆ ಬಾಗಿಲಿಗೆ ಬೀಗವಿಲ್ಲ, ಅಪ್ಪನ ಫೋನು ಮೇಜಿನ ಮೇಲೆ, ಅಪ್ಪ ಮಾತ್ರ ಇಲ್ಲ. ಮರೆವಿನ ಮನುಷ್ಯನನ್ನು ಒಂದು ರಾತ್ರಿ ಒಂಟಿಯಾಗಿ ಬಿಟ್ಟೆನಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತ ತಂಡ ಸೇರಿಸಿ ಗುಡ್ಡದ ಕಡೆಗೆ ಓಡಿದಳು.

ಗುಡ್ಡದ ಬುಡದ ಚೌಕಿಯ ಕಾವಲುಗಾರ ಅವನನ್ನು ಬೆಳಗ್ಗೆ ಕಂಡಿದ್ದ. ಮುದುಕಪ್ಪ ಒಳಗೆ ಹೆಸರು ಬರೆಯುವ ಪುಸ್ತಕದ ಮುಂದೆ ಕ್ಷಣ ನಿಂತು, ಮಾತಿಲ್ಲ ಕತೆಯಿಲ್ಲ, ಅಟ್ಟಿಸಿಕೊಂಡು ಬಂದವರ ಹಾಗೆ ಹತ್ತಿದರಂತೆ. ಬೆನ್ನಿಗೆ ಎರಡು ಕಂಬಳಿ, ಎರಡು ನೀರಿನ ಬಾಟಲಿ.

“ಒಂದು ಇಟ್ಕೊಂಡಿದ್ದು ಮರೆತು ಇನ್ನೊಂದು ಇಟ್ಕೊಂಡಿದ್ದಾರೆ,” ಎಂದ ಗಡ್ಡ. ಅವನು ತಂಡದ ಎರಡನೆಯವನು. ಗಡ್ಡಕ್ಕಿಂತ ಮಾತು ಉದ್ದ.

ಹಸಿ ಮಣ್ಣಿನಲ್ಲಿ ಅಪ್ಪನ ಊರುಗೋಲಿನ ಗುರುತು ಸ್ಪಷ್ಟವಾಗಿತ್ತು. ಮೊದಲ ಬಾವುಟದಿಂದ ಐದನೆಯದರವರೆಗೆ ಗೆರೆ ಎಳೆದಷ್ಟು ನೇರ. ಎಷ್ಟೆಂದರೂ ಇದು ಅವನೇ ಹಾಕಿದ ಅಭ್ಯಾಸದ ದಾರಿ, ತಲೆ ಮರೆತರೂ ಕಾಲು ಮರೆತಿಲ್ಲ ಎಂದುಕೊಂಡಳು. ಐದರ ಬಳಿ ಮಾತ್ರ ಎಲ್ಲ ಕೆಟ್ಟಿತ್ತು. ಗುರುತು ಒಂದು ಕೊರಕಲಿಗೆ ಇಳಿದಿತ್ತು, ಮರಳಿತ್ತು. ಇನ್ನೊಂದಕ್ಕೆ ಇಳಿದಿತ್ತು, ಮತ್ತೆ ಮರಳಿತ್ತು.

“ಇಲ್ಲೇ ದಿಕ್ಕು ತಪ್ಪಿದೆ. ಪಾಪ, ಗಿರಕಿ ಹೊಡೆದಿದ್ದಾರೆ,” ಎಂದ ಗಡ್ಡ.

ದಾರಿ ತಪ್ಪಿದವರು ಹೊರಟ ಜಾಗಕ್ಕೆ ಇಷ್ಟು ಸರಿಯಾಗಿ ಮರಳುವುದಿಲ್ಲವಲ್ಲ ಎಂಬ ಅನುಮಾನ ಅವಳಿಗೆ ಸುಳಿಯಿತು. ಕೂತು ಯೋಚಿಸುವ ವ್ಯವಧಾನ ಎಲ್ಲಿ? ನಕ್ಷೆ ಬಿಡಿಸಿದಳು. ಸುತ್ತ ಐದು ಕೊರಕಲು. ನಾಲ್ಕರಿಂದ ಅಪ್ಪ ಹಿಂದಿರುಗಿದ್ದ. ಉಳಿದದ್ದರ ಕಡೆಗೆ ಕೋನ ಅಳೆದು, ದಿಕ್ಸೂಚಿ ತಿರುಗಿಸಿ, ಹೊರಟೇಬಿಟ್ಟಳು.

“ಲೀಡರ್, ನಕ್ಷೆಯ ಉತ್ತರ ಬೇರೆ, ಸೂಜಿಯ ಉತ್ತರ ಬೇರೆ. ಆ ವ್ಯತ್ಯಾಸದ ಡಿಗ್ರಿ ಸೇರಿಸೋದು ಮರೆತ್ರಿ.”

ಅವಳ ಮುಖ ಕೆಂಪಾಯಿತು. ಅಪ್ಪ ಮೊದಲ ದಿನವೇ ಕಲಿಸಿದ ಪಾಠ. ಸೇರಿಸಿ ಮತ್ತೆ ಹೊರಟಳು.

ಹೆಜ್ಜೆ ಎಣಿಸುತ್ತ ಇಳಿದರು. ನೂರಕ್ಕೊಮ್ಮೆ ನಿಂತು ಸೀಟಿ ಊದಿದರು, ಕಿವಿಗೊಟ್ಟರು. ಮುನ್ನೂರು. ನಾಲ್ಕುನೂರು. ಐದುನೂರಕ್ಕೆ ಕೆಳಗಿನಿಂದ ಕಲ್ಲಿಗೆ ಕಲ್ಲು ಕುಟ್ಟಿದ ಸದ್ದು ಮೂರು ಬಾರಿ ಬಂತು. ಅವಳು ಎಣಿಕೆ ಬಿಟ್ಟು ಜಾರುತ್ತಲೇ ಓಡಿದಳು.

ಅಪ್ಪ ಬಂಡೆಗೆ ಒರಗಿ ಕೂತಿದ್ದ. ಪಾದ ಊದಿ ಬೂಟು ಬಿಗಿದಿತ್ತು. ಕೂಗಿ ಕೂಗಿ ಗಂಟಲು ಪೂರ್ತಿ ಕಟ್ಟಿತ್ತು. ಬದುಕಿದ್ದಾನೆ ಎಂಬ ಸಂತೋಷ ಅವಳ ಬಾಯಲ್ಲಿ ಸಿಟ್ಟಾಗಿ ಬಂತು: “ಎಲ್ಲಿಗೆ ಅಂತ ಹೊರಟಿದ್ದೆ ಅಪ್ಪ? ಅದಾದ್ರೂ ನೆನಪಿದೆಯಾ?”

ಅವನು ಎರಡೂ ಕೈಯಿಂದ ಅವಳ ಭುಜ ಮುಟ್ಟಿದ, ತೋಳು ಮುಟ್ಟಿದ, ಮೊಣಕಾಲು ಒತ್ತಿ ನೋಡಿದ. ಕಣ್ಣಲ್ಲಿ ನೀರಾಡಿತು. ಹಿಂದೆ ಗಡ್ಡ ವಾಕಿಟಾಕಿಯಲ್ಲಿ, ಕಳೆದುಹೋದವರು ಸಿಕ್ಕಿದರು ಎಂದು ಕೆಳಗೆ ತಿಳಿಸುತ್ತಿದ್ದ.

“ಹೂಂ, ಸಿಕ್ಕಿದಳು,” ಎಂದ ಅಪ್ಪ, ಉಸಿರಿನಷ್ಟೇ ದನಿಯಲ್ಲಿ. “ಚೌಕಿಯ ಪುಸ್ತಕದಲ್ಲಿ ನೀನು ಹತ್ತಿದ್ದು ಬರೆದಿದೆ, ಇಳಿದಿದ್ದು ಬರೆದಿಲ್ಲ, ಹೊಸ ಲೀಡರೇ ಕಳೆದುಹೋದಳು ಅಂತ ಜನ ನಗಬಾರದು ನೋಡು, ಅದಕ್ಕೇ ಯಾರಿಗೂ ಹೇಳದೆ ಬೆಳಗಿಂದ ಒಬ್ಬನೇ ಹುಡುಕ್ತಿದ್ದೆ ಮಗಳೇ.”