ಹಸಿರು ತಲೆಯ ಗುಂಡುಸೂಜಿ

ಹಕ್ಕಿಯ ಹೊಟ್ಟೆಯೊಳಗೆ ಇಳಿದ ಚಿಮುಟಕ್ಕೆ ಏನೋ ಗಟ್ಟಿಯಾದದ್ದು ತಾಕಿತು. ಮ್ಯೂಸಿಯಮ್ಮಿನಲ್ಲಿ ಸತ್ತ ಹಕ್ಕಿಗಳಿಗೆ ಹತ್ತಿ ತುಂಬಿ ನಿಲ್ಲಿಸುವುದೇ ಅವಳ ಕೆಲಸ. ಮೆಲ್ಲಗೆ ಎಳೆದಳು. ಅರ್ಧ ಕರಗಿದ ಹುಳು ಬಂತು, ಹುಳುವಿನ ಮೈಗೆ ಚುಚ್ಚಿಕೊಂಡೇ ಇದ್ದ ಗುಂಡುಸೂಜಿಯೂ ಬಂತು. ಸೂಜಿಯ ತಲೆ ಹಸಿರು ಗಾಜಿನದು.

ಮೇಜಿನ ಆಚೆ ಅಣ್ಣ ಫೋನಿನಲ್ಲಿ ತಾನು ತೆಗೆದ ಫೋಟೋ ನೋಡುತ್ತ ನಿಂತಿದ್ದ. ದಾರಿ ತಪ್ಪಿ, ಈ ಬಿರುಬೇಸಿಗೆಯಲ್ಲಿ ಬಂದರಿನ ಪೊದೆಗೆ ಬಂದಿಳಿದ ನೊಣಹಿಡುಕ ಹಕ್ಕಿಯನ್ನು ಮೊದಲು ಕಂಡವನು ಅವನೇ. ಒಣಕೊಂಬೆಯ ತುದಿಯ ಹುಳುವಿಗೆ ಅದು ಬಾಯ್ತೆರೆದ ಫೋಟೋ ಪತ್ರಿಕೆಗಳಲ್ಲೆಲ್ಲ ಬಂದು, ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

"ಸಮುದ್ರ ದಾಟಿ ಬಂದಿತ್ತು ಕಣೇ, ಪಾಪ, ಸುಸ್ತಾಗಿ ಸತ್ತೋಯ್ತು," ಎಂದು ಕಣ್ಣೊರೆಸಿಕೊಂಡ. "ಹಕ್ಕಿ ಕಾಲಿಗೆ ಕಟ್ಟೋ ಚೀಟೀಲಿ 'ಮೊದಲು ಕಂಡವರು' ಅಂತ ಇರತ್ತಲ್ಲ, ಅಲ್ಲಿ ನನ್ನ ಹೆಸರು ದಪ್ಪಕ್ಷರದಲ್ಲಿ ಬರಿ."

ಗೋಡೆಗೆ ಫೋಟೋ ಸಿಕ್ಕಿಸೋಕೆ ಎಂದು ಹೋದ ವಾರ ಅವನು ಹಸಿರು ಸೂಜಿಯ ಡಬ್ಬಿ ಒಯ್ದದ್ದು ಇದೇ ಮೇಜಿನಿಂದ. ಅವಳು ಸೂಜಿಯನ್ನು ಅವನೆದುರು ಇಟ್ಟಳು. "ಸೂಜಿ ಚುಚ್ಚದಿದ್ರೆ ಹುಳ ಕೊಂಬೆ ಮೇಲೆ ನಿಲ್ತಿರಲಿಲ್ವಾ?"

ಅವನ ಮುಖ ಹುಳ್ಳಗಾಯಿತು. "ಎಲ್ಲರೂ ಹಾಗೇ ಮಾಡೋದು. ಎಲ್ಲೋ ಒಂದಕ್ಕೆ ಹೀಗಾಗತ್ತೆ. ಬಿಸಾಕು ಅದನ್ನ," ಎಂದು ಅವಳ ಹೆಗಲು ತಟ್ಟಿದ.

ಹದಿನೆಂಟು ವರ್ಷ ಕೊಳೆತ ಕರುಳು ಬಗೆದು, ಕೈ ತೊಳೆದು ನೆಮ್ಮದಿಯಾಗಿ ಉಂಡವಳು ಅವನ ಕೈ ತಾಕಿದ ಹೆಗಲು ಕೊಡವಿಕೊಂಡಳು. ಚೀಟಿ ಎಳೆದುಕೊಂಡು, 'ಮೊದಲು ಕಂಡವರು' ಎಂಬ ಸಾಲನ್ನು ಖಾಲಿ ಬಿಟ್ಟು, ಅದರ ಕೆಳಗಿನ 'ಸಾವಿಗೆ ಕಾರಣ' ಎಂಬುದರ ಎದುರು ಅಣ್ಣನ ಹೆಸರನ್ನು, ಅವನು ಹೇಳಿದ ಹಾಗೇ, ದಪ್ಪಕ್ಷರದಲ್ಲಿ ಬರೆದಳು.